ದರಗಿನ ಚಂದ

ಹೂವಿಗೆಂದು ಗಿಡ ನೆಡುವುದುಂಟು, ಹಣ್ಣಿಗೆಂದು ನೆಡುವುದುಂಟು. ಎಲೆ ಉದುರುವ ಚಂದ ನೋಡಲೆಂದೇ ದುಡ್ಡು ಕೊಟ್ಟು ಮರ ತಂದವನನ್ನು ಅಮ್ಮ ಮೊದಲು ಕಂಡದ್ದು ಬಾಸ್ಟನ್ನಿನ ಹೊರವಲಯದ ನನ್ನ ಮನೆಯಲ್ಲಿ. ‘ಅಲ್ವೋ, ಉದುರೋ ಎಲೆಗೆ ಇಷ್ಟು ಉಪಚಾರವಾ?’ ಎಂದಳು.

ಮರ ಜಪಾನಿ ಮೇಪಲ್. ಬೀಜದಿಂದ ಎದ್ದ ಸಸಿಗಳಲ್ಲಿ ಒಂದರ ಬಣ್ಣ ಒಂದಕ್ಕಿಲ್ಲ. ಅಕ್ಟೋಬರಿನಲ್ಲಿ ನರ್ಸರಿಗೆ ಹೋಗಿ ಕಣ್ಣಾರೆ ನೋಡಿ ಆರಿಸಬೇಕು. ನಾನು ಹಾಗೆ ಜಾಣತನದಿಂದ ಆರಿಸಿ ತಂದು, ದಾರಿಹೋಕರಿಗೆಲ್ಲ ಕಾಣಲಿ ಎಂಬ ಜಂಬದಲ್ಲಿ ಪಡುವಣ ಗೋಡೆಯ ಪಕ್ಕ ನೆಟ್ಟೆ. ಮುಂದಿನ ಆಗಸ್ಟಿನ ಇಳಿಬಿಸಿಲಿಗೆ ಎಲೆಯಂಚೆಲ್ಲ ಸೀದ ಹಪ್ಪಳ. ಬಣ್ಣದ ಕಾಲ ಬಂದಾಗ ಬಣ್ಣ ಹಿಡಿಯಲು ಎಲೆಯೇ ಇರಲಿಲ್ಲ. ಮರುವರ್ಷ ಚಿಗುರೊಡೆಯುವ ಮೊದಲೇ, ಬೇರಿನ ಮಣ್ಣು ಉದುರದಂತೆ ಎತ್ತಿ ಮೂಡಲಿಗೆ ತಂದೆ. ಅಲ್ಲಿ ಬೆಳಗಿನ ಬಿಸಿಲುಂಟು, ಮಧ್ಯಾಹ್ನದ ನೆರಳುಂಟು. ಇದಕ್ಕೆ ಗುಂಡಿ ಅಗಲ ಬೇಕು, ಆಳವಲ್ಲ. ಬುಡ ನೆಲದ ಮೇಲೆ ಕಾಣುತ್ತಿರಬೇಕು. ತೆಂಗಿಗೆ ಗುಂಡಿ ತೋಡಿ ಬೆಳೆದ ಕೈಗೆ ಈ ಬುದ್ಧಿ ತಡವಾಗಿ ಬಂತು.

ಎಲೆಯ ಹಳದಿ ಬೇಸಿಗೆಯುದ್ದಕ್ಕೂ ಹಸಿರಿನ ಮರೆಯಲ್ಲಿ ಕೂತೇ ಇರುತ್ತದೆ. ಹಗಲು ಕುಗ್ಗಿ ಹಸಿರು ಕರಗಿದಾಗ ಮುಖ ತೋರಿಸುತ್ತದೆ. ಕೆಂಪಿನ ಕತೆಯೇ ಬೇರೆ. ಎಲೆಯಲ್ಲಿ ಉಳಿದ ಸಕ್ಕರೆಯಿಂದ ಮರ ಅದನ್ನು ಕೊನೆಯ ವಾರಗಳಲ್ಲಿ ಹೊಸದಾಗಿ ಮಾಡಿಕೊಳ್ಳುತ್ತದೆ. ಹಗಲು ಬಿಸಿಲು, ರಾತ್ರಿ ಹಿಮಗಟ್ಟದಷ್ಟು ಚಳಿ ಇದ್ದರೆ ರಂಗೇರುತ್ತದೆ. ಮೋಡ ಮುಚ್ಚಿದ ಬೆಚ್ಚನೆಯ ಅಕ್ಟೋಬರಾದರೆ ಸಪ್ಪೆ. ಹೊರಡುವ ಹೊತ್ತಿನಲ್ಲಿ ಈ ದುಂದುವೆಚ್ಚ ಯಾಕೆ ಎಂದು ವಿಜ್ಞಾನಿಗಳು ಇನ್ನೂ ವಾದಿಸುತ್ತಿದ್ದಾರೆ. ವಾದ ಬೇಗ ಮುಗಿಯದಿರಲಿ ಎಂಬುದು ನನ್ನ ಆಸೆ.

ಪಕ್ಕದ ಮನೆಯ ಬರ್ನಿಂಗ್ ಬುಷ್ ಬೇಲಿ ನನ್ನ ಮರಕ್ಕಿಂತ ಕೆಂಪು. ಆದರೆ ಹೊಟ್ಟೆಕಿಚ್ಚು ಪಡಬೇಕಾಗಿಲ್ಲ. ಹಕ್ಕಿಗಳು ಅದರ ಬೀಜವನ್ನು ಕಾಡಿಗೆ ಒಯ್ದು ಹರಡಿದ್ದರಿಂದ ಮ್ಯಾಸಚೂಸೆಟ್ಸ್ ಅದರ ಮಾರಾಟವನ್ನೇ ನಿಷೇಧಿಸಿದೆ. ನಮ್ಮ ಮಲೆನಾಡಿಗೆ ಹಬ್ಬಿದ ಲಂಟಾನವೂ ಅಂದದ ಗಿಡವೆಂದೇ ಹಡಗು ಹತ್ತಿ ಬಂದದ್ದಲ್ಲವೇ?

ಅಮ್ಮ ಇದ್ದ ಆ ಅಕ್ಟೋಬರಿನಲ್ಲಿ ಚಳಿ ಹದವಾಗಿ ಬಿತ್ತು. ಒಂದು ಬೆಳಿಗ್ಗೆ ಶಾಲು ಹೊದ್ದು, ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ನಿಂತವಳು ಬಹಳ ಹೊತ್ತು ಮಾತಾಡಲಿಲ್ಲ. ಕಾಫಿ ಆರಿತು. ಆಮೇಲೆ, ‘ನಮ್ಮ ಹಿತ್ತಲ ಮಾವು ಚಿಗುರುವಾಗ ಹಿಂಗೇ ಇರ್ತದಲ್ವೇನೋ?’ ಎಂದಳು. ಸರಿಯಾಗಿಯೇ ಹೇಳಿದ್ದಳು. ಮಾವಿನ ಎಳೆಚಿಗುರಿಗೆ ತಾಮ್ರದ ಕೆಂಪು ತರುವುದೂ ಇದೇ ಜಾತಿಯ ಬಣ್ಣ. ಅಲ್ಲಿ ಬರುವಾಗ ಉಡುವುದನ್ನು ಇಲ್ಲಿ ಹೋಗುವಾಗ ಉಡುತ್ತವೆ, ಅಷ್ಟೆ.

ಎಲೆ ಉದುರಿದ ಮೇಲೆ ಅವಳ ರಾಜ್ಯಭಾರ ಶುರುವಾಯಿತು. ಬೀದಿಯವರು ಎಲೆ ಗುಡಿಸಿ, ಕಾಗದದ ಚೀಲಕ್ಕೆ ತುಂಬಿ ರಸ್ತೆಯಂಚಿಗೆ ಇಡುವುದನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ. ಕೊಟ್ಟಿಗೆಗೆ ಹಾಸಲು ಸೊಪ್ಪಿನಬೆಟ್ಟದಿಂದ ದರಗು ಹೊತ್ತು ತಂದ ತಲೆ ಅದು. ‘ಇಂಥಾ ದರಗನ್ನ ಕಸಕ್ಕೆ ಕೊಡ್ತಾರಾ! ತಗೊಂಡು ಬಾ’ ಎಂದಳು. ನೆರೆಯವರ ಅನುಮತಿ ಕೇಳುವಾಗ ನನಗೆ ನಾಚಿಕೆಯಾಯಿತು, ಅವರಿಗೆ ಖುಷಿಯಾಯಿತು. ಏಳು ಚೀಲ ಬಂತು.

ಎರಡು ವರ್ಷಕ್ಕೆ ಅದು ಕಪ್ಪಗೆ, ಪುಡಿಪುಡಿಯಾಗಿ ಕಳಿತಿದೆ. ಈ ಸಲ ಮೇಪಲ್ ಬುಡಕ್ಕೆ ಅದನ್ನೇ ಹಾಕಿದ್ದೇನೆ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು.