ಆಲಿಕಲ್ಲೂ ಪದ್ಮಿನಿಯೂ

ಏಪ್ರಿಲ್ ತಿಂಗಳ ಆ ಸಂಜೆ ಮೈಸೂರಿನಲ್ಲಿ ಆಲಿಕಲ್ಲು ಬಿದ್ದಾಗ ನೆರೆಮನೆಯ ಮಕ್ಕಳು ಅದನ್ನು ಲೋಟಗಳಿಗೆ ತುಂಬಿಕೊಳ್ಳುತ್ತಿದ್ದರು. ನಾನು ಕಂಬಳಿ ಹಿಡಿದು ಅಂಗಳಕ್ಕೆ ಓಡುತ್ತಿದ್ದೆ. ತಡವಾಗಿತ್ತು. ತಂದೆಯವರು 1986ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿಯ ಮೈಮೇಲೆ ಸಿಡುಬಿನ ಕಲೆಗಳಂತೆ 23 ಕುಳಿಗಳು! (ಎಣಿಸಿದವಳು ನನ್ನ ಶ್ರೀಮತಿ, ಆ ಕಾರಿನ ಮೇಲೆ ಅವಳಿಗೆ ಮೊದಲಿನಿಂದಲೂ ಸವತಿಮತ್ಸರ.)

ವಿಮೆಯ ಮಾತೆತ್ತುವಂತಿರಲಿಲ್ಲ. ಆಲಿಕಲ್ಲಿನ ಹೊಣೆ ಸಮಗ್ರ ವಿಮೆಯದು. ಹಳೆಯ ಗಾಡಿಗೇಕೆ ಹೆಚ್ಚಿನ ಕಂತೆಂದು ಜಾಣನಾದ ನಾನು ಮಾಡಿಸಿದ್ದುದು ‘ಥರ್ಡ್ ಪಾರ್ಟಿ’ ಮಾತ್ರ.

ಟಿಂಕರಿಂಗ್ ಕೆಲಸದ ಹಿರಿಯರು ಬಾನೆಟ್ಟಿನ ಮೇಲೆ ಕೈಯಾಡಿಸಿದರು. “ಬಣ್ಣ ಬಿರಿದಿಲ್ಲ ಸ್ವಾಮಿ. ಒಳಗಿನಿಂದ ಸಲಾಕೆಯಲ್ಲಿ ಮೆಲ್ಲಗೆ ಒತ್ತಿ ಎಬ್ಬಿಸಬಹುದು. ಆತುರಪಟ್ಟರೆ ತಗಡು ಹಿಗ್ಗಿಬಿಡುತ್ತದೆ” ಎಂದರು. ಬಳಿಕ ಎಡಗಡೆಯ ಮಡ್‌ಗಾರ್ಡಿನ ಮೇಲೆ ಅವರ ಬೆರಳು ನಿಂತಿತು.

“ಇದು ಆಲಿಕಲ್ಲಿನದಲ್ಲ.”

ನಿಜ. ಅದು ನನ್ನ ಹತ್ತನೆಯ ವಯಸ್ಸಿನ ಕ್ರಿಕೆಟ್ ಚೆಂಡಿನದು. ತಂದೆಯವರು ಅಂದು ಬೈಯಲಿಲ್ಲ. ಆದರೆ ಅವರಿದ್ದಷ್ಟು ಕಾಲವೂ, ಕಾರು ಒರೆಸುವಾಗ ಆ ಕುಳಿಯ ಮೇಲೆ ಬಟ್ಟೆ ಒಂದು ಸುತ್ತು ಹೆಚ್ಚಾಗಿ ಆಡುತ್ತಿತ್ತು.

“ಇದನ್ನೂ ಎತ್ತಿಬಿಡಲೆ?”

“ಬೇಡಿ, ಅದು ಹಾಗೆಯೇ ಇರಲಿ.”

22 ಕುಳಿಗಳ ಕೂಲಿ ಕೊಟ್ಟು ಪದ್ಮಿನಿಯನ್ನು ಮನೆಗೆ ತಂದೆ. ಶ್ರೀಮತಿ ಮತ್ತೊಮ್ಮೆ ಎಣಿಸಿದಳು.