ಅಪ್ಪನ ಸಹಿ, ಮಗಳ ಕೈ

ರಾತ್ರಿ ಹನ್ನೊಂದೂವರೆಗೆ ವಾಟ್ಸಾಪ್‌ನಲ್ಲಿ ಮೆಸೇಜ್ ಬಂತು. ‘ಅಕ್ಕಾ, ಎದ್ದಿದ್ದೀಯಾ? ಒಂದು ಹೆಲ್ಪ್ ಬೇಕು. ಅಮ್ಮಂಗೆ ಹೇಳ್ಬಾರ್ದು.’

ಕಳಿಸಿದ್ದು ನನ್ನ ಚಿಕ್ಕಪ್ಪನ ಮಗಳು. ಮನೆಯಲ್ಲಿ ಎಲ್ಲರಿಗೂ ಅವಳು ಪುಟ್ಟಿ. ವಯಸ್ಸು 16. ಗುಬ್ಬಿ ಹತ್ತಿರದ ನಮ್ಮ ಊರಿನಿಂದ ದಿನಾ ಬಸ್ಸಿನಲ್ಲಿ ತುಮಕೂರಿಗೆ ಹೋಗಿ ಫಸ್ಟ್ ಪಿಯುಸಿ ಓದುತ್ತಾಳೆ. ‘ಅಮ್ಮಂಗೆ ಹೇಳ್ಬಾರ್ದು’ ಅಂದಾಗ ಯಾವುದೋ ಹುಡುಗನ ವಿಷಯ ಇರಬೇಕು ಅಂದುಕೊಂಡೆ. ಅಲ್ಲ, ಟ್ಯಾಟೂ ವಿಷಯ.

ಹಿಂದೆಯೇ ಒಂದು ಫೋಟೋ ಬಂತು. ಹತ್ತನೇ ಕ್ಲಾಸಿನ ಪ್ರೋಗ್ರೆಸ್ ಕಾರ್ಡಿನ ಮೂಲೆ. ‘ಪೋಷಕರ ಸಹಿ’ ಅಂತ ಇರುವ ಗೆರೆಯ ಮೇಲೆ ನೀಲಿ ಇಂಕಿನಲ್ಲಿ ಚಿಕ್ಕಪ್ಪನ ಸಹಿ. ಅದನ್ನ ಹಾಗೇ ಎಡಗೈ ಮಣಿಕಟ್ಟಿನ ಮೇಲೆ ಹಾಕಿಸಿಕೊಳ್ಳಬೇಕಂತೆ.

ಚಿಕ್ಕಪ್ಪ ಹೋದ ವರ್ಷ ಜೂನಿನಲ್ಲಿ ತೀರಿಕೊಂಡರು. ಬೆಳಗ್ಗೆ ತೋಟಕ್ಕೆ ಹೋದವರು ವಾಪಸ್ ನಡೆದುಕೊಂಡು ಬರಲಿಲ್ಲ. ಆ ಪ್ರೋಗ್ರೆಸ್ ಕಾರ್ಡೇ ಪುಟ್ಟಿಗೋಸ್ಕರ ಅವರು ಸಹಿ ಹಾಕಿದ ಕೊನೇ ಕಾಗದ.

‘ಬೆಂಗಳೂರಲ್ಲಿ ಒಂದು ಸ್ಟುಡಿಯೋ ವಿಚಾರಿಸಿದೀನಿ. ಹದಿನೆಂಟಾಗಿಲ್ಲ ಅಂದ್ರೆ ಗಾರ್ಡಿಯನ್ ಬಂದು ಸೈನ್ ಮಾಡ್ಬೇಕಂತೆ. ನೀನು ಸೈನ್ ಹಾಕಿದ್ರೆ ಸಾಕು ಅಕ್ಕಾ. ಪ್ಲೀಸ್. ನಿಂಗೂ ಇದೆ ತಾನೆ?’

ಹೌದು, ನನಗೂ ಇದೆ. ಅದಕ್ಕೇ ಅವಳು ಮನೆಯಲ್ಲಿ ಬೇರೆ ಯಾರನ್ನೂ ಕೇಳದೆ ನನ್ನನ್ನ ಕೇಳಿದ್ದು.

* * *

ನನ್ನ ಟ್ಯಾಟೂ ಕಥೆ ಮನೆಯಲ್ಲಿ ಅರ್ಧ ಮಾತ್ರ ಗೊತ್ತು. ಇನ್ನರ್ಧ ಇವತ್ತು ಬರೆಯುತ್ತಿದ್ದೇನೆ.

ನಾನು ಸೆಕೆಂಡ್ ಪಿಯುಸಿಯಲ್ಲಿದ್ದಾಗ, 17 ವರ್ಷಕ್ಕೆ, ಪಿಜಿಯ ನಾಲ್ಕು ಜನ ಹುಡುಗಿಯರು ಸೇರಿ ಕಾಲಿನ ಹರಡಿನ ಹತ್ತಿರ ಒಂದೇ ಥರದ ನಕ್ಷತ್ರ ಹಾಕಿಸಿಕೊಂಡೆವು. ಮಾರ್ಕೆಟ್ಟಿನ ಮಹಡಿ ಮೇಲೆ ಮೊಬೈಲ್ ರಿಪೇರಿ ಅಂಗಡಿ ಪಕ್ಕದ ಒಂದು ಚಿಕ್ಕ ರೂಮು. ತಲೆಗೆ ಆರುನೂರು ರೂಪಾಯಿ. ವಯಸ್ಸು ಎಷ್ಟು ಅಂತ ಯಾರೂ ಕೇಳಲಿಲ್ಲ. ಹೊಸ ಸೂಜಿ ಬಿಚ್ಚಿದರೋ, ನಾಲ್ಕು ಜನಕ್ಕೂ ಒಂದೇ ಸೂಜಿಯೋ, ಅದನ್ನ ನಾವೂ ನೋಡಲಿಲ್ಲ.

ಮೂರನೇ ದಿನಕ್ಕೆ ಕಾಲು ಊದಿಕೊಂಡಿತು. ಕೀವು ಬಂತು. ಅರಿಶಿನ ಮೆತ್ತಿ, ಮೇಲೆ ಸಾಕ್ಸ್ ಹಾಕಿಕೊಂಡು ಕಾಲೇಜಿಗೆ ಹೋದೆ. ಅಮ್ಮ ಫೋನ್ ಮಾಡಿದಾಗ ‘ಕಾಲು ಉಳುಕಿದೆ’ ಅಂದೆ. ಆರನೇ ದಿನ ಚಳಿಜ್ವರ ಬಂದು ನಡುಗುತ್ತಿದ್ದಾಗ ಪಿಜಿ ಆಂಟಿ ಡಾಕ್ಟರ್ ಹತ್ತಿರ ಎಳೆದುಕೊಂಡು ಹೋದರು.

ಡಾಕ್ಟರ್ ಬೈಯಲಿಲ್ಲ. ಆಂಟಿಬಯೋಟಿಕ್ ಬರೆದರು. ಆಮೇಲೆ ನಿಧಾನವಾಗಿ, ‘ಸೂಜಿ ಹೊಸದಾ ಗೊತ್ತಿಲ್ಲ ಅಂತೀಯ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಟೆಸ್ಟ್ ಮಾಡಿಸಬೇಕು. ಈಗ ಒಂದ್ಸಲ, ಮೂರು ತಿಂಗಳ ಮೇಲೆ ಇನ್ನೊಂದ್ಸಲ’ ಅಂದರು.

ಆ ಮೂರು ತಿಂಗಳು ಹೇಗೆ ಕಳೆದೆ ಅಂತ ನನಗೇ ಗೊತ್ತು. ಬೋರ್ಡ್ ಪರೀಕ್ಷೆ ಓದುವ ಹೊತ್ತಲ್ಲಿ ರಾತ್ರಿ ಎಲ್ಲಾ ರೋಗಲಕ್ಷಣ ಗೂಗಲ್ ಮಾಡುತ್ತಾ ಕೂತಿರುತ್ತಿದ್ದೆ. ಕೊನೆಗೆ ಎಲ್ಲಾ ನೆಗೆಟಿವ್ ಬಂತು. ಅಮ್ಮನಿಗೆ ಟ್ಯಾಟೂ ಕಂಡಿದ್ದು ಅದಾದ ಎರಡು ವರ್ಷಕ್ಕೆ. ಟೆಸ್ಟ್ ವಿಷಯ ಇದನ್ನು ಓದುವವರೆಗೂ ಗೊತ್ತಿರಲ್ಲ.

ನಕ್ಷತ್ರದ ಬಗ್ಗೆ ನನಗೆ ಅಂಥ ಪಶ್ಚಾತ್ತಾಪ ಏನಿಲ್ಲ. ಅದರ ಒಂದು ಮೂಲೆ ಗಾಯವಾಗಿ ಉಬ್ಬಿಕೊಂಡಿದೆ, ಅಷ್ಟೇ. ಆ ನಾಲ್ವರಲ್ಲಿ ಇಬ್ಬರ ಜತೆ ಈಗ ಮಾತಿಲ್ಲ, ಅದೂ ಹೋಗಲಿ. ನನಗೆ ಇವತ್ತಿಗೂ ಚುಚ್ಚುವುದು ಆ ಆರು ದಿನ. ಜ್ವರ ಬಂದರೂ ಅಮ್ಮನಿಗೆ ಹೇಳಲಾಗದ ಆರು ದಿನ.

* * *

ಪುಟ್ಟಿಗೆ ತಕ್ಷಣ ‘ಬೇಡ’ ಅನ್ನಲಿಲ್ಲ. ‘ಭಾನುವಾರ ಊರಿಗೆ ಬರ್ತೀನಿ, ಮಾತಾಡೋಣ’ ಅಂದೆ. ಅಷ್ಟರಲ್ಲಿ ಒಂದಿಷ್ಟು ಓದಿದೆ.

ಟ್ಯಾಟೂ ಹಾಕಿಸಲು ಇಷ್ಟೇ ವಯಸ್ಸಾಗಿರಬೇಕು ಅಂತ ಹೇಳುವ ಪ್ರತ್ಯೇಕ ಕಾನೂನು ನಮ್ಮ ದೇಶಕ್ಕೆಲ್ಲ ಅನ್ವಯಿಸುವಂತೆ ಇಲ್ಲ. ಇರುವುದು ಸಾಮಾನ್ಯ ಕಾನೂನು. 1875ರ ಕಾಯ್ದೆ ಪ್ರಕಾರ 18 ತುಂಬಿದರೆ ವಯಸ್ಕರು. 1872ರ ಕರಾರು ಕಾಯ್ದೆ ಪ್ರಕಾರ 18 ತುಂಬದವರು ಮಾಡಿಕೊಂಡ ಒಪ್ಪಂದಕ್ಕೆ ಬೆಲೆ ಇಲ್ಲ. ಹಾಗಾಗಿ ಹದಿನಾರರ ಹುಡುಗಿ ‘ನನಗೆ ಒಪ್ಪಿಗೆ ಇದೆ’ ಅಂತ ಬರೆದುಕೊಟ್ಟರೂ ಅದು ಬರೀ ಕಾಗದ. ಅದಕ್ಕೇ ಒಳ್ಳೆ ಸ್ಟುಡಿಯೋದವರು ಆಧಾರ್ ಕಾರ್ಡ್ ಕೇಳುತ್ತಾರೆ. ನಾನು? ಬರೀ ದೊಡ್ಡಪ್ಪನ ಮಗಳು. ಚಿಕ್ಕಮ್ಮ ಇರುವಾಗ ನಾನೆಲ್ಲಿಯ ಗಾರ್ಡಿಯನ್? ನನ್ನ ಸಹಿಗೂ ಅಷ್ಟೇ ಬೆಲೆ.

ಬ್ರಿಟನ್‌ನಲ್ಲಿ 1969ರಿಂದಲೂ ಇದಕ್ಕೆ ಅಂತಲೇ ಕಾನೂನಿದೆ. 18ರ ಒಳಗಿನವರಿಗೆ ಟ್ಯಾಟೂ ಹಾಕುವುದು ಅಪರಾಧ. ಅಪ್ಪ ಅಮ್ಮ ಒಪ್ಪಿದರೂ ಇಲ್ಲ. ನಮ್ಮಲ್ಲಿ ಆ ಗೆರೆಯನ್ನ ಅಂಗಡಿಯವರೇ ಎಳೆದುಕೊಳ್ಳಬೇಕು. ಎಳೆಯದವರೂ ಇದ್ದಾರೆ. ನನ್ನ ನಕ್ಷತ್ರವೇ ಅದಕ್ಕೆ ಸಾಕ್ಷಿ.

ಇನ್ನೂ ಕೆಲವು ವಿಷಯ ತಿಳಿಯಿತು. ಇಂಕು ಚರ್ಮದ ಮೇಲ್ಪದರದಲ್ಲಿ ನಿಲ್ಲಲ್ಲ, ಅದರ ಕೆಳಗಿನ ಪದರಕ್ಕೆ ಹೋಗುತ್ತೆ. ಅಲ್ಲಿ ರೋಗ ತಡೆಯುವ ಕಣಗಳೇ ಆ ಬಣ್ಣವನ್ನ ನುಂಗಿ ಹಿಡಿದಿಟ್ಟುಕೊಳ್ಳುತ್ತವೆ. ಅದಕ್ಕೇ ಅಳಿಸಿಹೋಗಲ್ಲ. ಲೇಸರ್‌ನಲ್ಲಿ ತೆಗೆಸಬೇಕೆಂದರೆ ವಾರಗಟ್ಟಲೆ ಬಿಟ್ಟು ಬಿಟ್ಟು ಹಲವು ಸಲ ಹೋಗಬೇಕು, ಹಾಕಿಸಿದ್ದಕ್ಕಿಂತ ಜಾಸ್ತಿ ಖರ್ಚು. ಸೈನ್ಯಕ್ಕೆ ಸೇರಬೇಕೆನ್ನುವ ಹುಡುಗರಿಗೆ ಇನ್ನೊಂದು ತೊಡಕು: ಮೊಣಕೈಯಿಂದ ಮಣಿಕಟ್ಟಿನವರೆಗೆ ಕೈಯ ಒಳಭಾಗ ಮತ್ತು ಅಂಗೈಯ ಹಿಂಭಾಗ ಬಿಟ್ಟು ಬೇರೆ ಕಡೆ ಶಾಶ್ವತ ಟ್ಯಾಟೂ ಇದ್ದರೆ ಸಾಮಾನ್ಯವಾಗಿ ತೆಗೆದುಕೊಳ್ಳಲ್ಲ. ಬುಡಕಟ್ಟು ಜನರಿಗೆ ಮಾತ್ರ ಅವರ ಸಂಪ್ರದಾಯದ ಹಚ್ಚೆಗೆ ವಿನಾಯಿತಿ ಇದೆ. ಹದಿನಾರಕ್ಕೆ ಕುತ್ತಿಗೆ ಮೇಲೆ ಹುಲಿ ಹಾಕಿಸಿಕೊಂಡ ಹುಡುಗನಿಗೆ ಹತ್ತೊಂಬತ್ತಕ್ಕೆ ಸೈನ್ಯ ಸೇರುವ ಆಸೆ ಬಂದರೆ?

ಆದರೆ ಪುಟ್ಟಿ ಕೇಳಿದ್ದು ಹುಲಿ ಅಲ್ಲ. ಅಪ್ಪನ ಸಹಿ.

* * *

ಭಾನುವಾರ ಜಗಲಿ ಮೇಲೆ ಕೂತು ಮಾತಾಡಿದೆವು. ಅವಳ ಹತ್ತಿರ ವಾದ ರೆಡಿ ಇತ್ತು.

‘ಆರು ತಿಂಗಳ ಮಗು ಇದ್ದಾಗ ನನ್ನ ಕಿವಿ ಚುಚ್ಚಿಸಿದ್ರಲ್ಲ, ಆಗ ಯಾರು ನನ್ನ ವಯಸ್ಸು ಕೇಳಿದ್ರು? ಹತ್ತನೇ ಕ್ಲಾಸ್ ಮುಗಿದ ತಕ್ಷಣ ಸೈನ್ಸಾ ಕಾಮರ್ಸಾ ಡಿಸೈಡ್ ಮಾಡು ಅಂದ್ರಿ. ಇಡೀ ಲೈಫ್ ಡಿಸೈಡ್ ಮಾಡೋಕೆ ನಾನು ದೊಡ್ಡವಳು, ಎರಡು ಇಂಚು ಚರ್ಮಕ್ಕೆ ಚಿಕ್ಕವಳಾ?’

ಸತ್ಯವಾಗಿ ಹೇಳ್ತೀನಿ, ನನಗೆ ಉತ್ತರ ಸಿಗಲಿಲ್ಲ.

ಆಗ ಒಳಗಿಂದ ಅಜ್ಜಿ ಬಂದು ಕೂತರು. ಅಜ್ಜಿಗೆ ಎಂಬತ್ತು ದಾಟಿದೆ. ಮುಂಗೈ ಮೇಲೆ ಚೇಳು, ಸಾಲು ಚುಕ್ಕಿ, ಗಲ್ಲದ ಮೇಲೆ ಒಂದು ಚುಕ್ಕಿ. ಎಲ್ಲಾ ಹಸಿರು ತಿರುಗಿ ಗೆರೆ ಹರಡಿಕೊಂಡಿದೆ. ಪುಟ್ಟಿಗೆ ಸಿಕ್ಕಿದ್ದೇ ಚಾನ್ಸು. ‘ನೋಡು, ಅಜ್ಜಿಗೂ ಇದೆ! ಅಜ್ಜಿ, ನಿಂಗೆ ಎಷ್ಟು ವಯಸ್ಸಿಗೆ ಹಾಕಿದ್ರು?’

‘ಎಂಟೋ ಒಂಬತ್ತೋ ಇರ್ಬೇಕು ಕಣವ್ವ. ಕೊರವರ ಹೆಂಗಸು ಬಂದಿದ್ಲು. ದೀಪದ ಕಾಡಿಗೆ ಎಂಥದೋ ಸೊಪ್ಪಿನ ರಸದಾಗೆ ಕಲಸಿ, ಸೂಜಿ ಕಟ್ಟು ಹಿಡ್ಕಂಡು ಚುಚ್ಚೋಳು. ನೋವು ಗೊತ್ತಾಗ್ದಿರ್ಲಿ ಅಂತ ಹಾಡು ಬೇರೆ ಹೇಳೋಳು.’

‘ಚೆನ್ನಾಗಿತ್ತಾ ಅಜ್ಜಿ?’

ಅಜ್ಜಿ ನಕ್ಕರು. ‘ಏನ್ ಚೆಂದ? ನಮ್ಮತ್ತೆ ಕಾಲು ಹಿಡ್ಕಂಡಿದ್ಲು, ನಮ್ಮವ್ವ ಕೈ ಹಿಡ್ಕಂಡಿದ್ಲು. ನಾನು ಕಿರುಚ್ಕಂಡಿದ್ದು ಊರಾಚೆಗೆ ಕೇಳ್ತಿತ್ತು. ಸತ್ತಾಗ ಒಡವೆ ವಸ್ತ್ರ ಯಾವ್ದೂ ಜತೆಗೆ ಬರಾಕಿಲ್ಲ, ಹಚ್ಚೆ ಒಂದೇ ಬರಾದು ಅನ್ನೋರು. ನಂಗೆ ಚೇಳು ಬ್ಯಾಡಾಗಿತ್ತು, ನವಿಲು ಬೇಕಾಗಿತ್ತು. ಯಾರು ಕೇಳಿದ್ರು ನನ್ನ?’

ಇಷ್ಟು ವರ್ಷ ಅಜ್ಜಿಯ ಕೈ ನೋಡಿದ್ದೆ, ಸ್ಟೇಟಸ್‌ಗೆ ಫೋಟೋನೂ ಹಾಕಿದ್ದೆ. ಈ ಮಾತು ಒಂದು ದಿನವೂ ಕೇಳಿರಲಿಲ್ಲ. ‘ನಮ್ಮ ಸಂಪ್ರದಾಯದಲ್ಲೇ ಮಕ್ಕಳಿಗೆ ಹಚ್ಚೆ ಹಾಕುತ್ತಿದ್ದರು’ ಅನ್ನೋದು ನಿಜ. ಆ ಮಗುವನ್ನ ಯಾರೂ ಕೇಳುತ್ತಿರಲಿಲ್ಲ ಅನ್ನೋದೂ ಅಷ್ಟೇ ನಿಜ.

ಪುಟ್ಟಿ ಸುಮ್ಮನಾದಳು. ನಾನು ಆಗ ನನ್ನ ಇನ್ನರ್ಧ ಕಥೆ ಹೇಳಿದೆ. ಸಾಕ್ಸ್, ಕೀವು, ಮೂರು ತಿಂಗಳು, ಎಲ್ಲಾ. ಕೊನೆಗೆ ಒಂದೇ ಮಾತು ಕೇಳಿದೆ. ‘ನಿಂಗೇನಾದ್ರೂ ಹಂಗಾದ್ರೆ ಆ ರಾತ್ರಿ ಅಮ್ಮನ್ನ ಎಬ್ಬಿಸ್ತೀಯಾ, ಮುಚ್ಚಿಡ್ತೀಯಾ?’

ಸ್ವಲ್ಪ ಹೊತ್ತು ಬಿಟ್ಟು, ‘ಮುಚ್ಚಿಡ್ತೀನಿ’ ಅಂದಳು.

‘ಹಾಗಾದ್ರೆ ಈಗ ಬೇಡ. ಅಥವಾ ಅಮ್ಮಂಗೆ ಹೇಳೋಣ.’

* * *

ಚಿಕ್ಕಮ್ಮ ಕೂಗಾಡುತ್ತಾರೆ ಅಂತ ಇಬ್ಬರೂ ಅಂದುಕೊಂಡಿದ್ದೆವು. ಅವರು ಪ್ರೋಗ್ರೆಸ್ ಕಾರ್ಡ್ ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು. ಆಮೇಲೆ ಬೀರು ತೆಗೆದು ಒಂದು ಪ್ಲಾಸ್ಟಿಕ್ ಫೈಲ್ ತಂದು ಮುಂದೆ ಹಾಕಿದರು.

ಪಾಸ್‌ಬುಕ್, ಇನ್ಶೂರೆನ್ಸ್ ಬಾಂಡು, ಸೊಸೈಟಿ ಸಾಲದ ಪತ್ರ, ಹಳೇ ಚೆಕ್ ಬುಕ್. ಹೋದ ವರ್ಷವೆಲ್ಲಾ ಆ ಫೈಲ್ ಹಿಡಿದುಕೊಂಡೇ ಅವರು ಆಫೀಸಿಂದ ಆಫೀಸಿಗೆ ಅಲೆದಿದ್ದು.

‘ಯಾವ ಸೈನು ಹಾಕಿಸ್ಕೋತೀಯಾ ನೋಡು’ ಅಂದರು. ‘ನಿಮ್ಮಪ್ಪ ಒಂದ್ಸಲ ಹಾಕಿದ ಹಾಗೆ ಇನ್ನೊಂದ್ಸಲ ಹಾಕ್ದೋರಲ್ಲ. ಸೈನ್ ಮ್ಯಾಚ್ ಆಗ್ತಿಲ್ಲ ಅಂತ ಎಷ್ಟು ಕಡೆ ಬೈಸ್ಕೊಂಡಿದೀನಿ ಗೊತ್ತಾ?’

ನಿಜ. ಸಾಲದ ಪತ್ರದಲ್ಲಿ ಪೂರ್ತಿ ಹೆಸರು, ಶಾಲೆ ಹುಡುಗನ ಥರ ಗುಂಡಗೆ. ಚೆಕ್ಕಿನಲ್ಲಿ ಬರೀ ಎರಡಕ್ಷರ, ಕೆಳಗೊಂದು ಗೀಟು. ಪ್ರೋಗ್ರೆಸ್ ಕಾರ್ಡಿನಲ್ಲಿ ಅವಸರದ ಗೀಚು. ಬಹುಶಃ ಸ್ಕೂಲ್ ಬಸ್ ಹಾರ್ನ್ ಹೊಡೆಯುತ್ತಿದ್ದಾಗ ಮೊಣಕಾಲ ಮೇಲೆ ಇಟ್ಟುಕೊಂಡು ಹಾಕಿದ್ದು. ಒಂದೊಂದೇ ತೆಗೆದು ನೋಡುತ್ತಾ ಪುಟ್ಟಿ ಮೊದಲು ನಕ್ಕಳು, ಆಮೇಲೆ ಅತ್ತಳು. ಚಿಕ್ಕಮ್ಮನೂ ಅತ್ತರು. ಚಿಕ್ಕಪ್ಪ ಹೋದ ಮೇಲೆ ಅವರಿಬ್ಬರೂ ಒಟ್ಟಿಗೆ ಕೂತು ಅತ್ತಿದ್ದು ನಾನು ನೋಡಿದ್ದು ಅದೇ ಮೊದಲು.

‘ಹದಿನೆಂಟಾಗ್ಲಿ’ ಅಂದರು ಚಿಕ್ಕಮ್ಮ. ‘ಆಗ್ಲೂ ಬೇಕು ಅನ್ನಿಸಿದ್ರೆ ನಾನೇ ಬರ್ತೀನಿ ಜತೆಗೆ.’ ಖರ್ಚು ನನ್ನದು ಅಂತ ನಾನು ಒಪ್ಪಿಕೊಂಡೆ. ಒಳ್ಳೆ ಕಡೆಗೇ ಹೋಗೋಣ, ಸೂಜಿಯ ಪ್ಯಾಕೆಟ್ಟನ್ನ ನಮ್ಮ ಕಣ್ಣೆದುರೇ ಬಿಚ್ಚಿಸೋಣ ಅಂದೆ. ಪುಟ್ಟಿ ಮೊಬೈಲಿನಲ್ಲಿ ಆ ತಾರೀಖಿಗೆ ರಿಮೈಂಡರ್ ಹಾಕಿಕೊಂಡಳು. ಖುಷಿಯಾಗಿ ಏನಲ್ಲ. ನನ್ನ ಜತೆ ಎರಡು ವಾರ ಸರಿಯಾಗಿ ಮಾತೂ ಆಡಲಿಲ್ಲ.

ಮೊನ್ನೆ ಫೋನ್ ಮಾಡಿದ್ದಳು. ಪರೀಕ್ಷೆ ದಿನ ಮಣಿಕಟ್ಟಿನ ಮೇಲೆ ಪೆನ್ನಿನಲ್ಲಿ ಅಪ್ಪನ ಸಹಿ ಹಾಕಿಕೊಂಡು ಹೋಗಿದ್ದಳಂತೆ. ರೂಮಿನಲ್ಲಿದ್ದ ಮೇಡಂ ಕಾಪಿ ಚೀಟಿ ಅಂದುಕೊಂಡು ಉಜ್ಜಿಸಿದರಂತೆ. ‘ಟ್ಯಾಟೂ ಆಗಿದ್ರೆ ಏನ್ ಮಾಡ್ತಿದ್ರು ಹೇಳು’ ಅಂತ ಬೈದಳು. ‘ನಾಳೆ ಚೆಕ್ಕಿನಲ್ಲಿರೋ ಸೈನ್ ಹಾಕ್ಕೊಂಡು ಹೋಗ್ತೀನಿ, ಅದು ಚಿಕ್ಕದು’ ಅಂತಲೂ ಅಂದಳು.

* * *

18 ತುಂಬಿದ ದಿನ ಬೆಳಗ್ಗೆ ಬುದ್ಧಿ ಬಂದುಬಿಡುತ್ತೆ ಅಂತ ನಾನು ನಂಬಲ್ಲ. ಮೂವತ್ತಕ್ಕೆ ಎಡವಟ್ಟು ಟ್ಯಾಟೂ ಹಾಕಿಸಿಕೊಂಡವರು ನನ್ನ ಆಫೀಸಿನಲ್ಲೇ ಇದ್ದಾರೆ. ಆದರೆ 18ಕ್ಕೆ ಕದ್ದು ಮುಚ್ಚಿ ಮಾಡುವ ಅಗತ್ಯ ಇರಲ್ಲ. ಆಧಾರ್ ತೋರಿಸಿ, ಸ್ವಚ್ಛವಾದ ಕಡೆ ಹೋಗಿ, ಏನಾದರೂ ಹೆಚ್ಚುಕಡಿಮೆ ಆದರೆ ನೇರವಾಗಿ ಡಾಕ್ಟರ್ ಹತ್ತಿರ ಹೋಗಬಹುದು. ಆ ವಯಸ್ಸಿನ ಗೆರೆ ಬೇಕು ಅಂತ ನಾನು ಹೇಳೋದು ಇಷ್ಟಕ್ಕೇ. ಅದು ಬರೀ ಅಂಗಡಿಯವರ ಒಳ್ಳೆತನಕ್ಕೆ ಬಿಟ್ಟ ಗೆರೆಯಾಗದೆ ಸರಿಯಾದ ಕಾನೂನೇ ಆದರೆ ಇನ್ನೂ ಒಳ್ಳೆಯದು.

ಹಾಗಂತ ಮನೆಯಲ್ಲಿ ಬರೀ ‘ಬೇಡ’ ಅಂದರೆ ಕೆಲಸ ಆಗಲ್ಲ. ನನಗೂ ‘ಬೇಡ’ ಅನ್ನುತ್ತಾರೆ ಅಂತ ಗೊತ್ತಿದ್ದರಿಂದಲೇ ನಾನು ಆ ಮಹಡಿ ಹತ್ತಿದ್ದು. ನಿಮ್ಮ ತಮ್ಮನೋ ತಂಗಿಯೋ ರಾತ್ರಿ ಹನ್ನೊಂದೂವರೆಗೆ ‘ಅಮ್ಮಂಗೆ ಹೇಳ್ಬಾರ್ದು’ ಅಂತ ಮೆಸೇಜ್ ಮಾಡಿದರೆ, ಉಪದೇಶ ಟೈಪ್ ಮಾಡುವ ಮೊದಲು ಏನು ಹಾಕಿಸಿಕೊಳ್ಳಬೇಕು ಅಂತಿದ್ದಾರೆ, ಯಾಕೆ ಅಂತ ಒಂದು ಸಲ ಕೇಳಿ.

ಪುಟ್ಟಿಗೆ 18 ತುಂಬಲು ಇನ್ನೂ ಒಂದು ವರ್ಷ ಏಳು ತಿಂಗಳಿದೆ. ಅವತ್ತು ಅವಳು ಯಾವ ಸಹಿ ಆರಿಸುತ್ತಾಳೋ, ಯಾವುದೂ ಬೇಡ ಅನ್ನುತ್ತಾಳೋ ಗೊತ್ತಿಲ್ಲ. ನನ್ನ ಮೊಬೈಲಿನಲ್ಲೂ ಒಂದು ರಿಮೈಂಡರ್ ಇದೆ.