ಮೊದಲ ಸುತ್ತಿನ ಭವಿಷ್ಯ

ಊರಿಗಾಂ ರೈಲ್ವೆ ನಿಲ್ದಾಣಕ್ಕೆ ಸಮೀಪದ ಹಳೆಯ ಮನೆಯೊಂದರಲ್ಲಿ ವಾಸವಾಗಿರುವ ಆ ಹಿರಿಯರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಚಿನ್ನದ ಗಣಿಯ ಅಸ್ಸೇ ಆಫೀಸಿನಲ್ಲಿ ಕೆಲಸಮಾಡಿದವರು. ನೆಲದಾಳದಿಂದ ಬಂದ ಬೆಣಚುಕಲ್ಲಿನ ತುಂಡುಗಳನ್ನು ಪುಡಿಮಾಡಿ, ಸೀಸದೊಡನೆ ಮೂಸೆಯಲ್ಲಿ ಕರಗಿಸಿ, ಮೂಳೆಬೂದಿಯ ಬಟ್ಟಲಿನಲ್ಲಿ ಆ ಸೀಸವನ್ನು ಇಂಗಿಸಿ, ಕಡೆಗುಳಿಯುವ ಸಾಸಿವೆಗಿಂತಲೂ ಕಿರಿದಾದ ಮಣಿಯನ್ನು ತೂಗಿ, ಟನ್ನು ಅದಿರಿಗೆ ಇಷ್ಟು ಚಿನ್ನವೆಂದು ಬರೆದಿಡುವುದು ಅವರ ಉದ್ಯೋಗವಾಗಿದ್ದಿತು. ಕಾಣದುದನ್ನು ತೂಗಿ ಹೇಳುವವರ ಬಳಿ ಜನರು ಭವಿಷ್ಯ ಕೇಳುವುದು ಸಹಜವೇ ಸರಿ.

2023ರ ಅಕ್ಟೋಬರಿನ ಮೊದಲಲ್ಲಿ, ಅಮೆರಿಕದಲ್ಲಿ ಓದುತ್ತಿದ್ದ ಅವರ ತಮ್ಮನ ಮಗಳು ಫೋನು ಮಾಡಿ, “ದೊಡ್ಡಪ್ಪ, ಇಲ್ಲಿ ಬೇಸ್‌ಬಾಲಿನ ನಿರ್ಣಾಯಕ ಪಂದ್ಯಗಳ ಮೊದಲ ಸುತ್ತು ಮಂಗಳವಾರ ಆರಂಭ. ನಾಲ್ಕು ಜೋಡಿ. ಮೂರಾಟಗಳಲ್ಲಿ ಎರಡು ಗೆದ್ದವರು ಮುಂದಕ್ಕೆ. ಗೆಲ್ಲುವವರು ಯಾರೆಂದು ನೀವು ಬರೆದು ಕಳುಹಿಸಬೇಕು” ಎಂದಳು.

ಭವಿಷ್ಯವೆಂಬ ಮಾತು ಆ ಮನೆಯಲ್ಲಿ ಮುಳ್ಳಿನಂಥದು. ಗಣಿಯ ಕೊನೆಯ ವರ್ಷಗಳಲ್ಲಿ ತಮ್ಮನಿಗೆ ಬೇರೆಡೆ ಒಂದು ಕೆಲಸ ದೊರೆತಿದ್ದಿತು. “ಕಲ್ಲಿನಲ್ಲಿ ಇನ್ನೂ ಚಿನ್ನವಿದೆ, ಗಣಿ ಮುಚ್ಚುವುದಿಲ್ಲ” ಎಂದು ಇವರೇ ತಡೆದರು. ಕಲ್ಲಿನ ವಿಷಯದಲ್ಲಿ ಅವರ ಮಾತು ಸುಳ್ಳಾಗಲಿಲ್ಲ. ಆದರೆ ಮೂರು ಸಾವಿರ ಮೀಟರಿಗೂ ಕೆಳಗಿಳಿದ ಗಣಿಯಲ್ಲಿ ಚಿನ್ನವನ್ನು ಮೇಲೆ ತರುವ ವೆಚ್ಚವು ಅದರ ಬೆಲೆಯನ್ನು ಮೀರಿದ್ದಿತು. 2001ನೆಯ ಇಸವಿ ಫೆಬ್ರುವರಿ 28ರಂದು ಗಣಿ ಮುಚ್ಚಿತು. ತಮ್ಮನು ಮುಂದೆ ಎಷ್ಟೋ ವರ್ಷ ನಸುಕಿನಲ್ಲೆದ್ದು, ಬುತ್ತಿ ಕಟ್ಟಿಕೊಂಡು, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ರಾತ್ರಿ ಹಿಂದಿರುಗುತ್ತಿದ್ದನು. ಅಣ್ಣನನ್ನು ಒಂದು ದಿನವೂ ಆಕ್ಷೇಪಿಸಲಿಲ್ಲ. ಆಕ್ಷೇಪಿಸಿದ್ದರೆ ಹಿರಿಯರಿಗೆ ಎಷ್ಟೋ ಹಗುರವಾಗುತ್ತಿದ್ದಿತು.

ಆದರೂ ಹುಡುಗಿಯ ಮಾತನ್ನು ತೆಗೆದುಹಾಕಲಾರದೆ, ತಂಡಗಳ ಲೆಕ್ಕವನ್ನು ತರಿಸಿಕೊಂಡು ಪೆನ್ಸಿಲು ಹಿಡಿದು ಕುಳಿತರು. ಪ್ರತಿ ತಂಡವೂ ಋತುವಿನಲ್ಲಿ 162 ಪಂದ್ಯಗಳನ್ನಾಡುವುದೆಂದು ತಿಳಿದು ಅವರಿಗೆ ಸಂತೋಷವಾಯಿತು. ಅಷ್ಟು ಮಾದರಿಗಳು ದೊರೆತರೆ ಯಾವ ಅದಿರಿನ ಯೋಗ್ಯತೆಯನ್ನಾದರೂ ಹೇಳಬಹುದು! ಮೂರು ಪಂದ್ಯಗಳ ಮಾತೇ ಬೇರೆ. ಒಂದು ತುಂಡಿನಲ್ಲಿ ಚಿನ್ನದ ದಪ್ಪ ಕಣವೊಂದು ಸಿಕ್ಕಿದರೆ ಬಡ ಪದರವೂ ಸಿರಿವಂತವೆಂದು ತೋರುವುದು. ಪಕ್ಕದ ತುಂಡು ಬರಿಯ ಕಲ್ಲು. 1934ರ ನವೆಂಬರಿನಲ್ಲಿ ಮದರಾಸಿನ ಚೆಪಾಕಿನಲ್ಲಿ ನಡೆದ ರಣಜಿ ಪಂದ್ಯಾವಳಿಯ ಮೊಟ್ಟಮೊದಲ ಪಂದ್ಯದಲ್ಲಿ ಮೈಸೂರು ತಂಡವು 48 ಮತ್ತು 59 ರನ್ನುಗಳಿಗೆ ಉರುಳಿ ಒಂದೇ ದಿನದಲ್ಲಿ ಸೋತುಹೋಯಿತು. ರಾಮ್‌ಸಿಂಗ್ ಒಬ್ಬರೇ ಹನ್ನೊಂದು ವಿಕೆಟ್ಟುಗಳನ್ನು ಕಿತ್ತರು. ಆ ಒಂದು ದಿನವನ್ನೇ ತಕ್ಕಡಿಗಿಟ್ಟವರು, ಅದೇ ಮೈಸೂರು 1941-42ರಲ್ಲಿ ಅಂತಿಮ ಪಂದ್ಯವನ್ನು ಮುಟ್ಟೀತೆಂದು ಊಹಿಸುತ್ತಿದ್ದರೆ?

ಕಡೆಗೆ ಅವರು ಋತುವಿನ ಗೆಲವುಗಳನ್ನೇ ನಂಬಿದರು. 99 ಗೆದ್ದ ಟಾಂಪಾ ಬೇ, 90ರ ಟೆಕ್ಸಸನ್ನು. 92ರ ಮಿಲ್ವಾಕಿ, 84ರ ಅರಿಜೋನಾವನ್ನು. 89ರ ಟೊರಾಂಟೊ, 87ರ ಮಿನ್ನೆಸೋಟವನ್ನು. 90ರ ಫಿಲಡೆಲ್ಫಿಯ, 84ರ ಮಯಾಮಿಯನ್ನು ಸೋಲಿಸುವುವೆಂದು ಬರೆದು, ಕೆಳಗೆ “ಇದನ್ನು ನಂಬಿ ಯಾರೂ ಒಂದು ಕಾಸನ್ನೂ ಕಟ್ಟತಕ್ಕದ್ದಲ್ಲ” ಎಂದು ಸೇರಿಸಿದರು.

ನಾಲ್ಕು ಜೋಡಿಗಳೂ ಎರಡೇ ಆಟಗಳಲ್ಲಿ ಮುಗಿದವು. ಫಿಲಡೆಲ್ಫಿಯವೊಂದನ್ನುಳಿದು ಅವರು ಹೆಸರಿಸಿದ ತಂಡಗಳೆಲ್ಲವೂ ಸೋತವು.

ಸಂಜೆ ತಮ್ಮನು ಬಂದು ಚೀಟಿಯನ್ನೆತ್ತಿ ನೋಡಿದನು. “ನಾಲ್ಕಕ್ಕೆ ಒಂದು!” ಎಂದು ಜೋರಾಗಿ ನಕ್ಕನು. ಹಿರಿಯರು ತಲೆ ತಗ್ಗಿಸಿ, “ನನ್ನ ಲೆಕ್ಕ ಹಿಂದೆಯೂ ಒಮ್ಮೆ ಹೀಗೆಯೇ ಆಯಿತು” ಎಂದರು. ಇಪ್ಪತ್ತೆರಡು ವರ್ಷಗಳಲ್ಲಿ ಆ ಮಾತು ಅವರ ಬಾಯಿಂದ ಹೊರಬಿದ್ದುದು ಅದೇ ಮೊದಲು. ತಮ್ಮನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗ ನಾನೂ ಅದೇ ಲೆಕ್ಕವನ್ನು ಹಾಕಿದ್ದೆನಣ್ಣ. ಅದಕ್ಕೇ ನಿಂತೆ” ಎಂದನು. ಬಳಿಕ ಪೆನ್ಸಿಲನ್ನು ಅವರತ್ತ ಸರಿಸಿ, ಮುಂದಿನ ಸುತ್ತನ್ನೂ ಬರೆಯಬೇಕೆಂದನು.

ಬಾಲ್ಟಿಮೋರ್ 101, ಟೆಕ್ಸಸ್ 90. ಹಿರಿಯರು ಬಾಲ್ಟಿಮೋರ್ ಎಂದು ಬರೆದರು. ಟೆಕ್ಸಸ್ ಮೂರಾಟಗಳನ್ನೂ ಗೆದ್ದು, ನವೆಂಬರ್ 1ರಂದು ಪ್ರಶಸ್ತಿಯನ್ನೂ ಕೊಂಡೊಯ್ದಿತು.